ಹಾಟ್ ಬಾಕ್ಸಿನಲ್ಲಿಟ್ಟ ಭಜ್ಜಿ

ಮೊನ್ನೆ ಬೆಳಿಗ್ಗೆ ಚೀಲದಲ್ಲೇ ಮರೆತುಹೋಗಿದ್ದ ಊಟದ ಡಬ್ಬಿಯ ಮುಚ್ಚಳ ತೆರೆದೆ. ಹಿಂದಿನ ದಿನದ ಬೇಳೆ ಪಲ್ಯ. ಆ ವಾಸನೆಯನ್ನು ನಿಮಗೆ ವರ್ಣಿಸಬೇಕಿಲ್ಲ, ನಿಮ್ಮ ಮನೆಯಲ್ಲೂ ಡಬ್ಬಿಗಳಿವೆ. ಕಣ್ಣಿನ ಚಿಕಿತ್ಸೆಗೆಂದು ಮಣ್ಣೂರಿನ ಅಣ್ಣನ ಮನೆಯಿಂದ ಆಳಂದದ ನನ್ನ ಮನೆಗೆ ಬಂದಿರುವ ಅವ್ವ ಪಡಸಾಲೆಯಲ್ಲಿ ಕೂತಿದ್ದಳು. ಕಣ್ಣು ಮಂಜಾದರೂ ಅವಳ ಮೂಗು ಚುರುಕಾಗಿದೆ. ಹಳಸ್ಯಾದ, ಚೆಲ್ಲು ಅಂದಳು. ಆ ವಾಸನೆ ನನ್ನನ್ನು ಎಲ್ಲಿಗೆ ಒಯ್ದಿತೆಂದು ಹೇಳಲು ನನಗೆ ಈಗಲೂ ಮುಖ ಬಿಸಿಯಾಗುತ್ತದೆ.

ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆದು ನಿಂತ ಜೋಳದ ನಡುವೆ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಮೊದಲ ತುತ್ತು ಕೊಟ್ಟು, ಆಮೇಲೆ ಉಣ್ಣುತ್ತೇವೆ. ಊಟದಲ್ಲಿ ಸಜ್ಜೆ ರೊಟ್ಟಿ, ಕಡುಬು ಏನೇ ಇರಲಿ, ಭಜ್ಜಿ ಇಲ್ಲದಿದ್ದರೆ ಹಬ್ಬವೇ ಇಲ್ಲ. ಎಣ್ಣೆಯಲ್ಲಿ ಕರಿಯುವ ಭಜಿ ಅಂದುಕೊಳ್ಳಬೇಡಿ. ಸಿಕ್ಕ ಸೊಪ್ಪು, ಸಿಕ್ಕ ಹಸಿ ಕಾಳು, ಬದನೆ, ಗಜ್ಜರಿ ಎಲ್ಲವನ್ನೂ ಹುಣಸೆ ರಸ, ಕಡಲೆ ಹಿಟ್ಟಿನಲ್ಲಿ ಕುದಿಸಿದ ಪಲ್ಯ ಅದು. ಅದನ್ನು ಹಿಂದಿನ ಸಂಜೆಯೇ ಮಾಡಿಡಬೇಕು. ರಾತ್ರಿ ಕಳೆದರೇನೇ ಹುಳಿ, ಖಾರ ಎಲ್ಲ ಕಾಳಿನೊಳಗೆ ಇಳಿಯುತ್ತದೆ.

ಹಾಗೆ ಮಾಡುವುದರಲ್ಲಿ ಮಣ್ಣೂರಲ್ಲಿ ಅವ್ವನ ಕೈ ಹೆಸರಾದ ಕೈ. ಓಣಿಯವರು ಬಟ್ಟಲು ಹಿಡಿದು ಬರುತ್ತಿದ್ದರು. ಅಗಲ ಬಾಯಿಯ ಗಡಿಗೆಯಲ್ಲಿ ಭಜ್ಜಿಯ ಹಬೆ ಪೂರ್ತಿ ಹೋಗುವವರೆಗೆ ಮುಚ್ಚದೆ ಬಿಟ್ಟು, ಆಮೇಲೆ ತೆಳು ಅರಿವೆ ಕಟ್ಟಿ ತಣ್ಣನೆಯ ಮೂಲೆಗಿಡುತ್ತಿದ್ದಳು. ಬೆಳಿಗ್ಗೆ ಮೂಸಿ ನೋಡಿ, ಇನ್ನೊಮ್ಮೆ ಚೆನ್ನಾಗಿ ಕುದಿಸುತ್ತಿದ್ದಳು. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲವಲ್ಲ, ಮೂಗೇ ಗತಿ. ಅದೂ ಚಳಿಗಾಲ ಎಂದು ಅಷ್ಟು ಧೈರ್ಯ. ಬೇಸಗೆಯಲ್ಲಿ ಮಧ್ಯಾಹ್ನದ ಪಲ್ಯವನ್ನು ಅವಳು ಸಂಜೆಗೆ ಮುಟ್ಟಗೊಡುತ್ತಿರಲಿಲ್ಲ.

ಆಗ ನಾನು ಹೊಸದಾಗಿ ವಿಜ್ಞಾನದ ಟೀಚರಾಗಿದ್ದೆ. ಹೊಸ ಟೀಚರರ ಸಂಗತಿ ನಿಮಗೆ ಗೊತ್ತಿರಬೇಕು, ಮನೆಯೂ ತರಗತಿಯಂತೆಯೇ ಕಾಣುತ್ತದೆ. ಮಾಡಿದ ಅಡಿಗೆಯನ್ನು ರಾತ್ರಿಯೆಲ್ಲ ಹೊರಗಿಡುವುದೇ, ಅದೂ ಅರಿವೆ ಕಟ್ಟಿ! ಆ ವರ್ಷ ಕೊಳಕೂರಿನಿಂದ ಸೋದರತ್ತೆ ತನ್ನ ಮಂದಿಯನ್ನೆಲ್ಲ ಕರೆದುಕೊಂಡು ಬರುವವಳಿದ್ದಳು. ನಾನು ಕಲಬುರಗಿಯಿಂದ ಬಕೆಟ್ಟಿನಷ್ಟು ದೊಡ್ಡ ಹಾಟ್ ಬಾಕ್ಸ್ ತಂದೆ. ಅನ್ನ ಪಲ್ಯ ಒಂದೋ ಬಿಸಿಯಾಗಿರಬೇಕು, ಒಂದೋ ತಣ್ಣಗಿರಬೇಕು ಎಂದು ಅವ್ವನಿಗೆ ಪಾಠ ಮಾಡಿ, ಕೊತಕೊತ ಕುದಿಯುತ್ತಿದ್ದ ಭಜ್ಜಿಯನ್ನು ಅದರೊಳಗೆ ಸುರುವಿ ಬಿಗಿಯಾಗಿ ಮುಚ್ಚಿದೆ. ಬೆಳಿಗ್ಗೆ ಅವ್ವ ಕುದಿಸಲು ಬಂದಾಗ, ತೆರೆದರೆ ಬಿಸಿ ಹೋಗುತ್ತದೆ ಎಂದು ತಡೆದವಳೂ ನಾನೇ. ಮಗಳು ಓದಿದವಳು ಎಂದು ಅವಳು ಸುಮ್ಮನಾದಳು.

ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಬಾಕ್ಸ್ ತೆರೆದವನು ಅಣ್ಣ. ಒಳಗೆ ಬಿಸಿ ಇರಲಿಲ್ಲ, ತಣ್ಣಗೂ ಇರಲಿಲ್ಲ. ರಾತ್ರಿಯಿಡೀ ಉಗುರುಬೆಚ್ಚಗಿದ್ದು ಮೇಲೆಲ್ಲ ನೊರೆ ಎದ್ದಿತ್ತು. ನೆಗಡಿಯಿಂದ ಮೂಗು ಕಟ್ಟಿದ್ದ ಅವನು ಒಂದು ಸೌಟು ತೆಗೆದು ರೊಟ್ಟಿ, ಕಡುಬಿನ ಜೊತೆ ಕಲಸಿಕೊಂಡು ಜೋಳದೊಳಗೆ ಚರಗ ಚೆಲ್ಲುತ್ತ ನಡೆದೇಬಿಟ್ಟ. ವಾಸನೆ ನಮ್ಮವರೆಗೆ ಬರುವುದರೊಳಗೆ ಹಳಸಿದ್ದು ಭೂಮಿತಾಯಿಯ ಬಾಯಿಗೆ ಬಿದ್ದಿತ್ತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಿಂತಳು.

"ವೈನಿ, ನಿಮ್ಮ ಕೈ ಎಂದೂ ಹಿಂಗ ಆಗಿದ್ದಿಲ್ಲರಿ" ಅಂದಳು ಸೋದರತ್ತೆ, ಅವ್ವನ ಕಡೆ ತಿರುಗಿ.

ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ, ಅಷ್ಟು ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ. ಇದು ಅವ್ವಂದಲ್ಲ, ನಾನು ಬಾಕ್ಸಿನಲ್ಲಿ ಮುಚ್ಚಿಟ್ಟಿದ್ದರಿಂದ ಆದದ್ದು ಎಂದು ಎಲ್ಲರೆದುರು ಹೇಳಿದೆ. ಅತ್ತೆ ನನ್ನ ಗಲ್ಲ ಸವರಿದಳು. "ಮಗಳಂದ್ರ ಹಿಂಗಿರಬೇಕ ನೋಡ್ರಿ. ಅವ್ವನ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ."

ನಾನು ಹೇಳಿದಷ್ಟೂ ನನ್ನ ಹೆಸರು ಏರಿತು, ಅವ್ವನದು ಇಳಿಯಿತು. ದುಬಾರಿ ಬಾಕ್ಸು ಕೆಡಿಸುತ್ತದೆಂದು ಯಾರು ನಂಬುತ್ತಾರೆ? ವಯಸ್ಸಾಯಿತು, ಕೈರುಚಿ ಹೋಯಿತು ಎಂದರೆ ಎಲ್ಲರಿಗೂ ಒಪ್ಪಿಗೆ. ಮರುವರ್ಷದಿಂದ ಭಜ್ಜಿ ಅಣ್ಣನ ಹೆಂಡತಿಯ ಪಾಲಾಯಿತು. ಯಾರೂ ಅವ್ವನಿಗೆ ಬೇಡ ಅನ್ನಲಿಲ್ಲ, ಸೊಪ್ಪು ಸೋಸಲು ಕೊಟ್ಟು ಕೂರಿಸಿದರು ಅಷ್ಟೇ. ಬಟ್ಟಲು ಹಿಡಿದು ಯಾರೂ ಬರಲಿಲ್ಲ. ನಾನು ಹೇಳಬೇಕಾದ್ದನ್ನು ಹೇಳಿದ್ದೇನೆ ಎಂದು ಕೈ ತೊಳೆದುಕೊಂಡೆ. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಒಳ್ಳೆಯ ಮಗಳು ಅನ್ನಿಸಿಕೊಳ್ಳುವುದು ನನಗೆ ಒಳಗೊಳಗೇ ಹಿಡಿಸಿತ್ತು ಕೂಡ.

ಮೊನ್ನೆ ಆ ಡಬ್ಬಿ ತೊಳೆಯುತ್ತ, ಅಂದಿನ ಭಜ್ಜಿಯೂ ಹೀಗೇ ಬಿಗಿ ಮುಚ್ಚಿದ್ದಕ್ಕೇ ಕೆಟ್ಟಿತ್ತು ನೋಡವ್ವ ಅಂದೆ. ಅವ್ವ ನಕ್ಕಳು.

"ಇರ್ಲಿ ಬಿಡಬೇ. ನನ್ನ ಮಾನ ಉಳಸಾಕ ಅಂದಿ ನೀ, ನನಗ ತಿಳಿಯಂಗಿಲ್ಲೇನು? ಅಂಥಾ ಬಾಕ್ಸಿನ್ಯಾಗ ಇಟ್ಟದ್ದು ಎಲ್ಲರೆ ಕೆಡ್ತದೇನು? ನನ್ನ ಕೈನೇ ಕೆಟ್ಟಿತ್ತು ಆವತ್ತ."

ನನ್ನ ಕೈಯಲ್ಲಿದ್ದ ಡಬ್ಬಿ ಹಾಗೇ ನಿಂತಿತು. ಊರು ನಂಬದಿದ್ದರೆ ಇರಲಿ, ಅವ್ವನೂ ನನ್ನ ಮಾತು ನಂಬಿರಲಿಲ್ಲ. ತನ್ನ ಕೈಯಿಂದಲೇ ಭೂಮಿತಾಯಿಗೆ ಹಳಸಿದ್ದು ಹೋಯಿತೆಂದು ಇಷ್ಟು ವರ್ಷ ಹೊತ್ತುಕೊಂಡು ಕೂತಿದ್ದಳು. ನಾನು ನನ್ನ ಒಳ್ಳೆಯತನದ ಗುಂಗಿನಲ್ಲಿ ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.

ನಿನ್ನೆ ಸಂಜೆ ನಾನೇ ಭಜ್ಜಿ ಮಾಡಿದೆ. ನನ್ನ ಕೈ ಹೇಗಿದೆ ಎಂಬುದು ಇಲ್ಲಿ ಬೇಡ. ಊರಿಂದ ನನ್ನ ಜೊತೆಗೇ ಬಂದು ಅಟ್ಟದ ಮೇಲೆ ಹಳೇ ಅರಿವೆ ತುಂಬಿಕೊಂಡು ಬಿದ್ದಿದ್ದ ಅದೇ ಹಾಟ್ ಬಾಕ್ಸನ್ನು ಇಳಿಸಿ ತೊಳೆದು, ಅರ್ಧ ಭಜ್ಜಿಯನ್ನು ಕುದಿಕುದಿಯಾಗಿ ಅದರಲ್ಲಿ ತುಂಬಿ ಬಿಗಿದೆ. ಉಳಿದರ್ಧವನ್ನು ಅಗಲ ಬೋಗಾಣಿಯಲ್ಲಿ ಹಬೆ ಹೋಗಲು ಬಿಟ್ಟು, ಅರಿವೆ ಕಟ್ಟಿ ಕಿಟಕಿಯ ಬಳಿ ಇಟ್ಟೆ. ಇವತ್ತು ಬೆಳಿಗ್ಗೆ ಎರಡನ್ನೂ ಅವ್ವನ ಮುಂದೆ ತಂದಿಟ್ಟು ಮೂಸಿ ನೋಡೆಂದೆ.

ಬೋಗಾಣಿಗೆ ಬಾಗಿ, ಇದನ್ನ ಕುದಿಸು, ಉಣಬಹುದು ಅಂದಳು. ಬಾಕ್ಸಿಗೆ ಬಾಗಿದವಳು ಮುಖ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಬೋಗಾಣಿ, ಮತ್ತೆ ಬಾಕ್ಸು. ಎರಡೂ ಒಂದೇ ಕೈಯ ಅಡಿಗೆಯೇನೆಂದು ಕೇಳಿದಳು. ಹೌದು, ನಂದೇ ಅಂದೆ.

ಅವ್ವ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಎರಡೂ ಅಂಗೈ ಮೇಲಕ್ಕೆ ಮಾಡಿ, ಮಂಜು ಕಣ್ಣಿನ ಹತ್ತಿರ ತಂದು ನೋಡಿಕೊಂಡಳು.

"ಹಂಗಾದ್ರ ಇಷ್ಟು ವರ್ಷ ನಾ ಸುಮ್ಮ ಕೈ ಕಟ್ಕೊಂಡು ಕುಂತೆನಲ್ಲಬೇ."

ನಾನು ಬಾಕ್ಸನ್ನು ಹಿತ್ತಲಿಗೆ ಒಯ್ದು, ಒಳಗಿನದನ್ನು ಚೆಲ್ಲಿ, ಉಜ್ಜಿದ್ದನ್ನೇ ಉಜ್ಜುತ್ತ ಕೂತೆ. ಒಳಗಿನಿಂದ ಅವ್ವ ಕೂಗಿದಳು. ಈ ಸಲದ ಎಳ್ಳ ಅಮಾವಾಸ್ಯೆಗೆ ತನ್ನನ್ನು ಊರಿಗೆ ಬಿಡಬೇಕು, ಭಜ್ಜಿಗೆ ಕೈ ಹಚ್ಚಬೇಡ ಎಂದು ಅಣ್ಣನ ಹೆಂಡತಿಗೆ ಈಗಲೇ ಫೋನ್ ಮಾಡಬೇಕು. ಅದಕ್ಕೂ ಮೊದಲು ನಾನು ಪೇಟೆಗೆ ಹೋಗಿ ಬದನೆ, ಮೆಂತ್ಯ ತರಬೇಕು.

"ಇಲ್ಲೇ ಒಮ್ಮಿ ಮಾಡಿ ನೋಡ್ತೇನಿ" ಅಂದಳು. "ಕೈ ಮರ್ತಿದ್ರ ಏನ್ ಮಾಡ್ಲಿ?"