ಏಲಕ್ಕಿ ಜಾಲರಿಯ ಮೇಲೆ ಬೆಂದ ಕೆಂಪು ದೀಪ

ನಾಲ್ಕು ವರ್ಷದ ಹಿಂದಿನ ಆಗಸ್ಟ್. ಸಕಲೇಶಪುರದ ಹೆದ್ದಾರಿ ಬದಿಯಲ್ಲಿ ನನ್ನ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಆಗ ಇಪ್ಪತ್ತೊಂದು ವರ್ಷ ತುಂಬಿತ್ತು. ಲಾರಿ, ಜೀಪು, ಟ್ರ್ಯಾಕ್ಟರುಗಳ ವೈರಿಂಗ್ ಮತ್ತು ಬ್ಯಾಟರಿ ನನ್ನ ಕೆಲಸ. ಯಾರೂ ಹೇಳದೆ ನಾನೇ ವಹಿಸಿಕೊಂಡ ಇನ್ನೊಂದು ಕೆಲಸ ಚಿಂತೆ. ನಾನು ವೈರ್ ಮುಟ್ಟಿದ ಲಾರಿ ಶಿರಾಡಿ ಘಾಟಿ ಇಳಿದು ಸುಖವಾಗಿ ಮುಟ್ಟಿತೆಂದು ತಿಳಿಯುವವರೆಗೆ ನನಗೆ ಊಟ ಸೇರುವುದಿಲ್ಲ. ಡ್ರೈವರುಗಳು ಫೋನ್ ಮಾಡಿ ತಿಳಿಸುವುದೂ ಇಲ್ಲ. ಹಾಗಾಗಿ ನಾನು ಇಂದಿಗೂ ಸಣಕಲಾಗಿಯೇ ಇದ್ದೇನೆ.

ಆ ತಿಂಗಳು ಹೆತ್ತೂರು ಕಡೆಯ ಎಸ್ಟೇಟೊಂದರಿಂದ ಸುನಂದಮ್ಮ ಫೋನ್ ಮಾಡಿದರು. "ಲೋಕೇಶಣ್ಣ, ನಮ್ ಕೆಂಪು ಕಾರಿಗೆ ಆನೆ ಒರಗ್ಬುಟ್ಟೈತೆ. ಹಿಂದಿನ ದೀಪ ಎರಡೂ ಪುಡಿಪುಡಿ. ಒಸಿ ಬಂದು ನೋಡ್ತೀರಾ?"

ಅವರ ಯಜಮಾನರು ಸಣ್ಣೇಗೌಡರು ಪ್ರಾಯದಲ್ಲಿ ಆಸೆಪಟ್ಟು ತಂದಿದ್ದ ವಿದೇಶಿ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು. ಬಾಗಿಲಲ್ಲಿ ಬಿಟ್ಟ ಚಪ್ಪಲಿಯಂತೆ ನೆಲಕ್ಕೆ ಒತ್ತಿಕೊಂಡು ನಿಲ್ಲುತ್ತಿತ್ತು. ಆನೆ ಶೆಡ್ಡಿನ ಗೋಡೆ ತಳ್ಳಿ, ಕಾರಿನ ಬೆನ್ನಿಗೆ ಮೈ ಉಜ್ಜಿ, ಇನ್ನೇನೂ ಮಾಡದೆ ಹೋಗಿತ್ತು. ಅಂಥ ಕಾರನ್ನು ಈಗ ಯಾರೂ ಮಾಡುವುದಿಲ್ಲ, ಬಿಡಿಭಾಗವಂತೂ ಎಲ್ಲೂ ಸಿಗುವುದಿಲ್ಲ.

"ಜೀಪ್ ಇದೆಯಲ್ಲಮ್ಮಾ, ಈ ಮಳೇಲಿ ಇದ್ಯಾಕೆ?" ಎಂದೆ.

ಸುನಂದಮ್ಮ ದನಿ ತಗ್ಗಿಸಿದರು. ಬೇಸಿಗೆಯಲ್ಲಿ ಗೌಡರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತಿದ್ದವು. ವಾರಕ್ಕೆರಡು ಸಲ ಸಕಲೇಶಪುರಕ್ಕೆ ಬಂದು ಕೈಗೆ ವ್ಯಾಯಾಮ ಮಾಡಿಸದಿದ್ದರೆ ಅದು ಮತ್ತೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಜೀಪು ಎತ್ತರ. ಆಳುಗಳು ಎರಡು ಸಲ ಗೌಡರನ್ನು ಎತ್ತಿ ಕೂರಿಸಿದ್ದರು. ಮೂರನೆಯ ಸಲ ಅವರು ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ. "ಕಾಫಿ ಮೂಟೆನಾ ನಾನು?" ಎಂದಿದ್ದರಂತೆ. ತಗ್ಗಿನ ಕಾರಾದರೆ ಯಾರ ಕೈಯೂ ಇಲ್ಲದೆ ತಾವೇ ಜಾರಿ ಕೂರಬಲ್ಲರು. ಓಡಿಸುವುದು ಸುನಂದಮ್ಮ. ಆದರೆ ಆ ಮಂಜಿನಲ್ಲಿ ಹಿಂದೆ ದೀಪವಿಲ್ಲದೆ ಅಷ್ಟು ತಗ್ಗಿನ ಕಾರು ಹೋದರೆ, ಹಿಂದೆ ಬರುವ ಮರ ಹೊತ್ತ ಲಾರಿಗೆ ಕಾಣುವುದು ತಾಗಿದ ಮೇಲೆಯೇ. ಅವತ್ತಿನಿಂದ ನನ್ನ ಊಟ ಪೂರ್ತಿ ನಿಂತಿತು.

ದೀಪದ ಮೇಲಿನ ಬಣ್ಣದ ಮುಚ್ಚಳಕ್ಕೆ ಲೆನ್ಸ್ ಎನ್ನುತ್ತೇವೆ. ಶೆಡ್ಡಿನ ನೆಲದಿಂದ ಚೂರುಗಳನ್ನು ಆಯ್ದು, ಒಂದು ದುಂಡು ಲೆನ್ಸಾಗುವಂತೆ ಅಂಟಿಸಿ, ಅದರ ಹೊರಮೈಯಿಂದ ಪ್ಲಾಸ್ಟರಿನ ಅಚ್ಚು ತೆಗೆದೆ. ಅಚ್ಚಿಗೆ ಕೆಂಪು ಬಣ್ಣ ಬೆರೆಸಿದ ರೆಸಿನ್ ಹೊಯ್ದೆ. ಇದು ಜೇನಿನಂಥ ದ್ರವ. ಹಾರ್ಡನರ್ ಬೆರೆಸಿದರೆ ಗಾಜಿನಂತೆ ಗಟ್ಟಿಯಾಗಬೇಕು. ಆದರೆ ಹೆತ್ತೂರಿನ ಆಗಸ್ಟಿನಲ್ಲಿ ಉಪ್ಪೇ ಗಟ್ಟಿಯಾಗಿ ನಿಲ್ಲುವುದಿಲ್ಲ. ಮೂರು ದಿನವಾದರೂ ನನ್ನ ಲೆನ್ಸ್ ಹಲಸಿನ ಮೇಣದಂತೆ ಬೆರಳಿಗೆ ಅಂಟುತ್ತಿತ್ತು.

"ನಮ್ ಡ್ರೈಯರ್‌ನಾಗೆ ಇಡ್ರಿ. ಏಲಕ್ಕಿ ಒಣಗತೈತೆ, ಇದೇನು ಮಹಾ?" ಎಂದರು ಸುನಂದಮ್ಮ.

ಹಸಿ ಏಲಕ್ಕಿಯನ್ನು ತಂತಿ ಜಾಲರಿಯ ತಟ್ಟೆಗಳಲ್ಲಿ ಹರಡಿ, ಕೆಳಗಿನಿಂದ ಬಿಸಿಗಾಳಿ ಕೊಡುವ ಕೋಣೆ ಅದು. ಒಳಗೆ ಕಾಲಿಟ್ಟರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಹೊರಗೆ ಲೋಕವೆಲ್ಲ ಬೆಳ್ಳಗೆ ಕರಗಿಹೋಗಿರುವಾಗ, ಒಳಗೆ ಬೆಚ್ಚನೆಯ ಹಸಿರು ಘಮ. ಮದುವೆ ಮನೆಯ ಪಾಯಸದೊಳಗೆ ಮಲಗಿದ ಹಾಗಿತ್ತು. ಹಾಗೇ ಗೋಡೆಗೆ ಒರಗಿದವನು ನಿದ್ದೆ ಹೋದೆ. ಚಿಂತೆಯಿಲ್ಲದೆ ಮಲಗಿದ್ದು ಜೀವನದಲ್ಲಿ ಅದೊಂದೇ ಸಲ. ಅದಕ್ಕೆ ದಂಡವೂ ತಕ್ಷಣ ಬಿತ್ತು. ಅಚ್ಚಿನಿಂದ ಬಿಡಿಸಿ ನೇರವಾಗಿ ಜಾಲರಿಯ ಮೇಲಿಟ್ಟಿದ್ದ ಲೆನ್ಸು ಗಟ್ಟಿಯಾಗುವ ಮೊದಲು ಬಿಸಿಗೆ ಮೆತ್ತಗಾಗಿ, ಒಳಮೈ ತುಂಬ ತಂತಿಯ ಚೌಕುಳಿ ಗುರುತು ಮೂಡಿಸಿಕೊಂಡಿತ್ತು. ನೋಡಲು ಸಿಡುಬಿನ ಮುಖ.

ಎರಡನೆಯದನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು, ಕಣ್ಣು ಬಿಟ್ಟುಕೊಂಡೇ ಕಾದೆ. ಕನ್ನಡಿಯಂತೆ ಬಂತು. ಕೆಟ್ಟದ್ದನ್ನು ತಾತ್ಕಾಲಿಕವಾಗಿ ಎಡಕ್ಕೂ, ಚೆಂದದ್ದನ್ನು ಬಲಕ್ಕೂ ಕೂರಿಸಿ, ಒಳಗೆ ಕೆಂಪು ಎಲ್‌ಇಡಿ ಜೋಡಿಸಿದೆ. ಎಡಗಡೆಯದನ್ನು ನಾಳೆ ಹೊಸದಾಗಿ ಎರೆದುಕೊಡುತ್ತೇನೆಂದು ಸುನಂದಮ್ಮನವರಿಗೆ ಮೂರು ಸಲ ಹೇಳಿದೆ.

ಸಂಜೆ ನಾಲ್ಕಕ್ಕೆ ಮಂಜು ಕಾಫಿ ಗಿಡಗಳ ಮೇಲಿಂದ ಇಳಿದು ಕಣಕ್ಕೆ ಬಂತು. ಮೊದಲು ಶೆಡ್ಡು ಮಾಯವಾಯಿತು, ಆಮೇಲೆ ಕಾರು. ನಾನು ದೀಪ ಹಾಕಿದೆ. ಜಗಲಿಯ ಕೊನೆಯಲ್ಲಿ, ಕಾರಿನ ಹಿಂಭಾಗಕ್ಕೆ ಓರೆಯಾಗಿ ಕುರ್ಚಿ ಹಾಕಿಕೊಂಡು ಕೂತಿದ್ದ ಗೌಡರು ನಾನು ಬಂದ ಮೇಲೆ ಮೊದಲ ಸಲ ಬಾಯಿಬಿಟ್ಟರು.

"ಲೋಕೇಶ, ಎಡಗಡೇದು ಕೆಂಡದ ಹಂಗೆ ಕಾಣ್ತೈತೆ. ಬಲಗಡೇದು ಹಾಕೇ ಇಲ್ವಲ್ಲೋ?"

"ಎರಡೂ ಉರೀತಾವೆ ಗೌಡ್ರೇ."

"ನನ್ ಕೈ ಸತ್ತೈತೆ ಕಣೋ, ಕಣ್ಣು ಸತ್ತಿಲ್ಲ. ಇಲ್ಲಿ ಬಂದು ನೋಡು ಮಾರಾಯ."

ಹೋಗಿ ಅವರ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದೆ. ನಿಜ. ನನ್ನ ಹೆಮ್ಮೆಯ ಕನ್ನಡಿ ಲೆನ್ಸು ಬೆಳಕನ್ನೆಲ್ಲ ನೆಟ್ಟಗೆ ಹಿಂದಕ್ಕೆ ತೂರುತ್ತಿತ್ತು. ಓರೆಯಿಂದ ನೋಡುವವನಿಗೆ ಅಲ್ಲಿ ಏನೂ ಇರಲಿಲ್ಲ. ಸಿಡುಬಿನ ಲೆನ್ಸು ಮಾತ್ರ ಬೆಳಕನ್ನು ಸುತ್ತಲೂ ಹಂಚಿ, ಮಂಜಿನೊಳಗೆ ಹಣ್ಣಿನಂತೆ ತೂಗುತ್ತಿತ್ತು. ಕಂಪನಿಯವರು ಲೆನ್ಸಿನ ಒಳಮೈಗೆ ಸಣ್ಣ ಸಣ್ಣ ಏಣುಗಳನ್ನು ಕೊಡುವುದು ಇದಕ್ಕೇ. ಇಪ್ಪತ್ತೊಂದು ವರ್ಷ ಅವುಗಳ ಮೇಲಿನ ಧೂಳು ಒರೆಸಿದ್ದೆ, ಯಾಕಿವೆ ಎಂದು ಕೇಳಿರಲಿಲ್ಲ. ಘಾಟಿಯ ತಿರುವಿನಲ್ಲಿ ಯಾರೂ ಯಾರ ನೆಟ್ಟಗೆ ಹಿಂದೆ ಇರುವುದಿಲ್ಲ.

ಇನ್ನು ಚೆಂದದ ಲೆನ್ಸನ್ನು ತೆಗೆದು, ಕೆಟ್ಟದ್ದರಂಥದೇ ಇನ್ನೊಂದು ಮಾಡಬೇಕಿತ್ತು. ನಿದ್ದೆಯಲ್ಲಿ ಸಲೀಸಾಗಿ ಆದದ್ದು ಎಚ್ಚರದಲ್ಲಿ ಆಗಲೊಲ್ಲದು. ಒಂದು ಬೇಗ ಗಟ್ಟಿಯಾಗಿ ಗುರುತೇ ಮೂಡಲಿಲ್ಲ. ಇನ್ನೊಂದು ಜಾಲರಿಯನ್ನೇ ಕಚ್ಚಿಕೊಂಡಿತು, ತಟ್ಟೆ ಕತ್ತರಿಸಬೇಕಾಯಿತು.

"ಮಲಕ್ಕೊಂಡು ಮಾಡೋ, ಸರಿ ಬತ್ತದೆ," ಎಂದರು ಗೌಡರು. ಸುನಂದಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಆ ಮನೆಯಲ್ಲಿ ನಗು ಕೇಳಿ ತಿಂಗಳುಗಳಾಗಿದ್ದವು ಎಂದು ಆಮೇಲೆ ಅವರೇ ಹೇಳಿದರು.

ಮೂರನೆಯ ಪ್ರಯತ್ನ ಫಲಿಸಿತು. ಮರುದಿನ ಬೆಳಿಗ್ಗೆ ಗೌಡರು ಬಾಗಿಲು ಹಿಡಿದು, ಸೊಂಟ ತಿರುಗಿಸಿ, ಯಾರನ್ನೂ ಹತ್ತಿರ ಬಿಡದೆ ಕಾರಿನ ಎಡ ಸೀಟಿಗೆ ಜಾರಿದರು. "ಕ್ಲಚ್ ಮೇಲೇ ಕಾಲಿಟ್ಕಂಡು ಕೂರಬ್ಯಾಡ ಕಣೇ," ಎಂದು ಹೆಂಡತಿಗೆ ಹೇಳಿದರು. "ಸುಮ್ಕಿರಿ, ಇಳಿಸ್ಬುಡ್ತೀನಿ," ಎಂದರು ಸುನಂದಮ್ಮ. ನಾನು ಸ್ಕೂಟರಿನಲ್ಲಿ ಹಿಂದೆ ಹಿಂದೆ ಬಂದೆ. ಕಾರು ಕಾಣಲಿಲ್ಲ, ರಸ್ತೆ ಕಾಣಲಿಲ್ಲ. ಎರಡು ಕೆಂಪು ಹಣ್ಣುಗಳು ಬೆಳ್ಳನೆಯ ನಿದ್ದೆಯೊಂದರೊಳಗೆ ತೇಲುತ್ತ, ತಿರುಗುತ್ತ ಊರಿನವರೆಗೂ ನನ್ನನ್ನು ಕರೆದುಕೊಂಡು ಹೋದವು. ನನ್ನ ಕೆಲಸವನ್ನು ದಾರಿಯುದ್ದಕ್ಕೂ ಹಿಂದಿನಿಂದ ನೋಡಿದ್ದು ಅದೇ ಮೊದಲು. ಅಲ್ಲಿಂದ ಮುಂದೆ ಯಾವ ಗಾಡಿಯ ಹಿಂದಿನ ದೀಪ ರಿಪೇರಿ ಮಾಡಿದರೂ ನಲವತ್ತು ಹೆಜ್ಜೆ ನಡೆದು, ಎಡಕ್ಕೂ ಬಲಕ್ಕೂ ಓರೆಯಾಗಿ ಬಗ್ಗಿ ನೋಡದೆ ಬಿಡುವುದಿಲ್ಲ. ಗಿರಾಕಿಗಳು ನಗುತ್ತಾರೆ. ಓಡಿಸುವವನು ಎಂದೂ ನೋಡದ ದೀಪ ಅದು, ನೋಡಬೇಕಾದವರು ಇನ್ಯಾರೋ. ಅವರ ಪರವಾಗಿ ಚಿಂತೆ ಮಾಡುವುದಕ್ಕೇ ನನಗೆ ಕೂಲಿ ಎಂದುಕೊಂಡಿದ್ದೇನೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಕೆಂಪು ಕಾರು ನನ್ನ ಅಂಗಡಿಯ ಮುಂದೆ ಹಾದು, ಎಡಕ್ಕೆ ಆಸ್ಪತ್ರೆ ರಸ್ತೆಯತ್ತ ಹೊರಳಿತು. ಎಡ ಇಂಡಿಕೇಟರ್ ಸರಿಯಾಗಿಯೇ ಮಿನುಗುತ್ತಿತ್ತು. ಆದರೂ ಎಡಗಡೆಯ ಕಿಟಕಿಯಿಂದ ಒಂದು ಕೈ, ಹಳೆಯ ಡ್ರೈವರುಗಳು ಚಾಚುತ್ತಿದ್ದ ಹಾಗೆ, ನಡುಗುತ್ತ, ನಿಧಾನವಾಗಿ, ಪೂರ್ತಿ ಹೊರಗೆ ಬಂತು.