ಹೊಯ್ಸಳ ಪಂಗಡದ ಇಂಡಿಯಾನರ್

ಗುರುಪ್ರಸಾದನ ಊಟದ ಡಬ್ಬಿಯ ಮುಚ್ಚಳದ ಮೇಲೆ ಅಮೆರಿಕದ ಬಾವುಟದ ಸ್ಟಿಕ್ಕರ್ ಇತ್ತು. ಒಳಗೆ ಚಿತ್ರಾನ್ನ. ನ್ಯೂರೆಂಬರ್ಗಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಬಾವುಟ ಎಲ್ಲರಿಗೂ ಕಾಣುವಂತೆ ಮುಚ್ಚಳವನ್ನು ಮೇಜಿನ ಮೇಲಿಟ್ಟು, ಚಿತ್ರಾನ್ನ ಯಾರಿಗೂ ಕಾಣದಂತೆ ಡಬ್ಬಿಯನ್ನು ಮಡಿಲಿಗೆಳೆದುಕೊಂಡು ಫೋರ್ಕಿನಲ್ಲಿ ತಿನ್ನುತ್ತಿದ್ದ. ಒಗ್ಗರಣೆಯ ಕಡಲೆಬೇಳೆ ಜಾರಿ ಪ್ಯಾಂಟಿನ ಮೇಲೆ ಬೀಳುತ್ತಿತ್ತು.

ಜರ್ಮನಿ ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರಿನವರನ್ನು ಕರೆಸಿಕೊಳ್ಳುತ್ತಿದ್ದ ವರ್ಷಗಳವು. ನಾವೆಲ್ಲ ಬೆಂಗಳೂರು, ಮೈಸೂರುಗಳಿಂದ ನೇರ ಬಂದವರು. ಅವನೊಬ್ಬ ನ್ಯೂಜೆರ್ಸಿಯಲ್ಲಿ ಎಂಟು ವರ್ಷ ಇದ್ದು, ಅಲ್ಲಿ ಕೆಲಸ ಹೋದ ಮೇಲೆ ಇಲ್ಲಿಗೆ ಬಂದವನು. ಬಂದ ದಿನವೇ ‘ನನ್ನ ಗ್ಯಾರಿ ಅನ್ನಿ’ ಎಂದ. ನಾನು ಗುರು ಎಂದೇ ಕರೆದೆ. ನಮ್ಮಲ್ಲಿ ಆಟೋದವನನ್ನೂ ಹಾಗೇ ಕರೆಯುವುದರಿಂದ ಅವನಿಗೆ ಜಗಳ ತೆಗೆಯಲು ಕಾರಣ ಸಿಗಲಿಲ್ಲ.

‘ಅಮೆರಿಕದಲ್ಲಿ ಎಲ್ಲಿಯವನು ಅಂತ ಒಬ್ಬನೂ ಕೇಳಲ್ಲ ಮಗಾ. ಅಲ್ಲಿ ನಾವು ಆಲ್ಮೋಸ್ಟ್ ವೈಟ್’ ಎಂಬುದು ಅವನ ನಿತ್ಯದ ಮಂತ್ರ. ಆಲ್ಮೋಸ್ಟ್ ಎನ್ನುವಾಗ ಹೆಬ್ಬೆರಳು, ತೋರುಬೆರಳುಗಳ ನಡುವೆ ಒಂದು ಸಾಸಿವೆಯಷ್ಟು ಜಾಗ ಬಿಟ್ಟು ತೋರಿಸುತ್ತಿದ್ದ.

‘ಮತ್ತೆ ಕರಿಯರು? ಅವರು ನಿನಗಿಂತ ಹಳಬರಲ್ವಾ ಅಲ್ಲಿ?’ ಎಂದೆ ಒಮ್ಮೆ.

‘ಹಳಬರಾದ್ರೆ ಏನಂತೆ? ಅವರ ಏರಿಯಾನೇ ಬೇರೆ ಬಿಡು.’

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಅದು ಇವನನ್ನು ನೋಡಿಯೇ ಹುಟ್ಟಿದ್ದಿರಬೇಕು. ನನಗೆ ಅವನನ್ನು ಕಂಡರೆ ಅಸಹ್ಯವಾಗುತ್ತಿತ್ತು. ಆದರೂ ಮನೆ ನೋಡಲು ಜೊತೆಗೆ ಬಾ ಎಂದಾಗ ಹೋದೆ. ಪರದೇಶದಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ನಮಗೆ ಬುದ್ಧಿ ಕೆಲಸ ಮಾಡುವುದಿಲ್ಲ.

ಆ ಮನೆಯನ್ನು ನಮ್ಮ ಆಫೀಸಿನ ಮೆಹ್ಮೆತ್ ಹಿಂದಿನ ದಿನವೇ ಕೇಳಿದ್ದ. ಅವನ ಅಪ್ಪ ಟರ್ಕಿಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಅವನು ಹುಟ್ಟಿ ಬೆಳೆದು ಓದಿದ್ದೆಲ್ಲ ನ್ಯೂರೆಂಬರ್ಗಿನಲ್ಲೇ. ಹೆಸರು ಕೇಳಿದೊಡನೆ ಮನೆಯೊಡತಿ ಫ್ರಾವ್ ಲಿಂಡ್ನರ್ ‘ಮನೆ ಹೋಗಿಬಿಟ್ಟಿದೆ’ ಎಂದಿದ್ದಳು. ನಮಗೂ ಬಾಗಿಲನ್ನು ಅರ್ಧವೇ ತೆರೆದು, ಎಲ್ಲಿಯವರು ಎಂದಳು.

ಗುರು ‘ಅಮೆರಿಕ’ ಎಂದ. ಅವಳು ಅವನ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ನಂಬಲಿಲ್ಲ. ಆಗ ಅವನು ಗೊತ್ತಿದ್ದ ನಾಲ್ಕು ಜರ್ಮನ್ ಪದಗಳನ್ನು ಜೋಡಿಸಿ, ‘ಅಮೆರಿಕದಿಂದ ಬಂದ ಇಂಡಿಯಾನರ್’ ಎಂದ. ಜರ್ಮನ್ನಿನಲ್ಲಿ ನಾವು ಇಂಡರ್. ಇಂಡಿಯಾನರ್ ಎಂದರೆ ಅಮೆರಿಕದ ಮೂಲನಿವಾಸಿ, ಗರಿ ತೊಟ್ಟು ಕುದುರೆ ಏರುವವನೆಂದು ಇಲ್ಲಿನವರು ಚಿಕ್ಕಂದಿನಿಂದ ಕಥೆಗಳಲ್ಲಿ ಓದಿ ಮೋಹಿಸುವವನು.

ಮುದುಕಿ ಎದೆಗೆ ಕೈಯಿಟ್ಟುಕೊಂಡಳು. ಬಾಗಿಲು ಪೂರ್ತಿ ತೆರೆಯಿತು. ಒಳಗೆ ಗೋಡೆಯ ಮೇಲೆ ಗರಿಗಳ ಕಿರೀಟ, ಮೂಲೆಯಲ್ಲಿ ಚರ್ಮದ ಡೋಲು.

‘ಗುರು, ಆ ಪದ ಬೇರೆ ಕಣೋ. ನಿನ್ನ ರೆಡ್ ಇಂಡಿಯನ್ ಅಂದ್ಕೊಂಡಿದಾಳೆ’ ಎಂದು ಪಿಸುಗುಟ್ಟಿದೆ.

ಅವನು ಒಂದು ಗಳಿಗೆ ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನಂತೆ ನಿಂತ. ಆಮೇಲೆ ನುಂಗಿಯೇ ಬಿಟ್ಟ. ‘ಸುಮ್ನಿರು ಮಗಾ. ಮನೆ ಸಿಗ್ತಿದೆ.’

ಯಾವ ಪಂಗಡ ಎಂದು ಅವಳು ಭಕ್ತಿಯಿಂದ ಕೇಳಿದಳು. ‘ಹೊಯ್ಸಳ’ ಎಂದ. ಬ್ರಾಹ್ಮಣರಲ್ಲಿ ಅವನದು ಹೊಯ್ಸಳ ಕರ್ನಾಟಕ. ಅಂದು ಅವನು ಆಡಿದ ಒಂದೇ ಒಂದು ನಿಜ ಅದು. ಮನೆ ಸಿಕ್ಕಿತು. ಅವನು ಹಾಕುವ ಇಂಗಿನ ಒಗ್ಗರಣೆಯ ವಾಸನೆ ಮೆಟ್ಟಿಲಲ್ಲಿ ತುಂಬಿದರೆ ಫ್ರಾವ್ ಲಿಂಡ್ನರ್ ಕಣ್ಣುಮುಚ್ಚಿ ‘ಕಾಡಿನ ಮೂಲಿಕೆ’ ಎನ್ನುತ್ತಿದ್ದಳಂತೆ.

ಆ ಚಳಿಗಾಲ ಪೇಟೆಯಲ್ಲಿ ಬಿಸಿ ವೈನ್ ಕುಡಿಯುತ್ತ ನಿಂತಿದ್ದಾಗ ಅವನಾಗಿಯೇ ಒಂದು ಮಾತು ಹೇಳಿದ. ವಿಮಾನ ನುಗ್ಗಿ ಆ ಎರಡು ಗೋಪುರಗಳು ಬಿದ್ದ ಮೇಲೆ ನ್ಯೂಜೆರ್ಸಿಯ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಇವನ ಕಾರಿಗೆ ಉಗಿದು, ನಿನ್ನ ದೇಶಕ್ಕೆ ಹೋಗು ಅಂದನಂತೆ. ಬಾವುಟದ ಸ್ಟಿಕ್ಕರುಗಳನ್ನು ಇವನು ಕೊಂಡಿದ್ದು ಮಾರನೆಯ ದಿನ.

‘ಅವನದೇನೂ ತಪ್ಪಿಲ್ಲ ಮಗಾ. ನನ್ನ ಅರಬ್ ಅಂದ್ಕೊಂಡಿದ್ದ, ಅಷ್ಟೆ.’

ಉಗಿದದ್ದು ತಪ್ಪಲ್ಲ, ಉಗಿದ ವಿಳಾಸ ತಪ್ಪು! ನನಗೆ ಕರುಣೆ ಬರಬೇಕಿತ್ತು. ಬರಲಿಲ್ಲ. ವೈನ್ ಮುಗಿಸಿ ಬಸ್ ಹತ್ತಿದೆ.

ಬೇಸಿಗೆಗೆ ಅವನ ಹೆಂಡತಿ ವಸುಧಾ ಬೆಂಗಳೂರಿನಿಂದ ಬಂದಳು. ಬರುವ ಮುಂಚೆ ಶ್ರದ್ಧೆಯಿಂದ ಕ್ಲಾಸಿಗೆ ಹೋಗಿ ಜರ್ಮನ್ ಕಲಿತಿದ್ದಳು. ಫ್ರಾವ್ ಲಿಂಡ್ನರ್ ನಮ್ಮನ್ನೆಲ್ಲ ಕಾಫಿಗೆ ಕರೆದಳು. ಕೇಕ್ ಕತ್ತರಿಸುತ್ತ, ನೀವೂ ಹೊಯ್ಸಳ ಇಂಡಿಯಾನರೇ ಎಂದು ವಸುಧಾಳನ್ನು ಕೇಳಿದಳು. ಪಾಪ, ಮುದುಕಿಗೆ ಪದ ತಪ್ಪಿತೆಂದುಕೊಂಡ ವಸುಧಾ ನಗುತ್ತ, ಶುದ್ಧ ವ್ಯಾಕರಣದಲ್ಲಿ ತಿದ್ದಿದಳು: ‘ಇಂಡಿಯಾನರ್ ಅಲ್ಲ, ಇಂಡರ್. ನಾವು ಬೆಂಗಳೂರಿನವರು.’

ಫ್ರಾವ್ ಲಿಂಡ್ನರ್ ಚಾಕು ಕೆಳಗಿಟ್ಟಳು. ‘ಓ. ಇಂಡರ್’ ಎಂದಳು, ಅಂಗಡಿಯವನು ಸವಕಲು ನಾಣ್ಯ ವಾಪಸು ಕೊಡುವ ದನಿಯಲ್ಲಿ. ಮರುದಿನದಿಂದಲೇ ಕಾಡಿನ ಮೂಲಿಕೆ ನಾರತೊಡಗಿತು. ತಿಂಗಳೊಳಗೆ, ತಂಗಿಯ ಮಗನಿಗೆ ಮನೆ ಬೇಕಾಗಿದೆ, ಬಿಡಿ ಎಂದಳು. ಅವಳೂ ಒಂದೇ, ಇವನೂ ಒಂದೇ. ಆದರೆ ಇವನು ಬೈದದ್ದು ಹೆಂಡತಿಯನ್ನು.

‘ಗ್ರಾಮರ್ ಕಲ್ತು ಮನೆ ಕಳೆದ್ಲು!’

‘ಸುಳ್ಳು ಹೇಳಿ ಸೇರ್ಕೊಂಡಿದ್ದು ನೀವು. ನನಗ್ಯಾಕೆ ಬೈತೀರಿ?’ ಎಂದಳು ವಸುಧಾ. ಆ ಮನೆಯಲ್ಲಿ ನಾನು ಕೇಳಿದ ನೆಟ್ಟಗಿನ ಮಾತು ಅದೊಂದೇ.

ಬೇರೆ ಮನೆ ಹುಡುಕುವ ಗೋಜಿಗೇ ಅವನು ಹೋಗಲಿಲ್ಲ. ಹಳೆಯ ಮ್ಯಾನೇಜರಿಗೆ ದುಂಬಾಲುಬಿದ್ದು ನ್ಯೂಜೆರ್ಸಿಯ ಕೆಲಸ ಗಿಟ್ಟಿಸಿದ. ವಿಮಾನ ನಿಲ್ದಾಣಕ್ಕೆ ಸಾಮಾನು ಒಯ್ಯಲು ವ್ಯಾನ್ ಬೇಕಿತ್ತು. ನಾನು ಕೇಳಿದ್ದಕ್ಕೆ ಮೆಹ್ಮೆತ್ ತನ್ನ ವ್ಯಾನ್ ತಂದ. ಅದೇ ಮೆಟ್ಟಿಲುಗಳನ್ನು ಹತ್ತಿಳಿದು ಪೆಟ್ಟಿಗೆಗಳನ್ನು ಹೊತ್ತ. ಗುರು ಒಂದೇ ಮಹಡಿಯಲ್ಲಿ ಕೆಲಸ ಮಾಡಿಯೂ ಅವನನ್ನು ಮಾತಾಡಿಸಿರಲಿಲ್ಲ; ‘ಆ ಟರ್ಕಿಯವನು’ ಎನ್ನುತ್ತಿದ್ದ. ಈಗ ಪಕ್ಕದಲ್ಲೇ ಕೂತಿದ್ದರಿಂದ ಮಾತು ಬೇಕಾಯಿತು.

‘ನೀನು ಎಲ್ಲಿಯವನು?’ ಎಂದು ಇಂಗ್ಲಿಷಿನಲ್ಲಿ ಕೇಳಿದ.

‘ನ್ಯೂರೆಂಬರ್ಗ್’ ಎಂದ ಮೆಹ್ಮೆತ್, ರಸ್ತೆ ನೋಡುತ್ತ.

‘ಅಲ್ಲ ಅಲ್ಲ. ನಿಜವಾಗಿ ಎಲ್ಲಿಯವನು?’

‘ನ್ಯೂರೆಂಬರ್ಗ್.’

ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ವಸುಧಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಗುರು ಕತ್ತು ಹೊರಳಿಸಿ ನನಗೆ ಕಣ್ಣು ಮಿಟುಕಿಸಿದ.

‘ನೋಡಿದ್ಯಾ ಮಗಾ? ಹೇಳ್ಕೊಳಕ್ಕೆ ನಾಚಿಕೆ ಇವನಿಗೆ.’

ಅವನು ನನ್ನೊಡನೆ ಆಡಿದ ಕೊನೆಯ ಮಾತು ಅದು. ನಿಲ್ದಾಣದಲ್ಲಿ ಅವನು ಕೈ ಚಾಚಿದಾಗ ನಾನು ಪೆಟ್ಟಿಗೆ ಇಳಿಸುತ್ತಿದ್ದೆ.