ತೊರಾಬನ ಕಾಲು

ಮಹಾಯುದ್ಧದಲ್ಲಿ ಟೈಗ್ರಿಸ್ ನದಿಯ ಆಸ್ಪತ್ರೆ ದೋಣಿಯಲ್ಲಿ ಎರಡು ವರ್ಷ ಸೇನೆಯ ಡಾಕ್ಟರಾಗಿದ್ದು ಬಾರಿಸಾಲಿಗೆ ಮರಳಿದ ಮೇಲೆ ನಿಬಾರಣ ಸರ್ಖೇಲರಿಗೆ ಗಟ್ಟಿ ನೆಲದ ಮೇಲೆ ನಿದ್ದೆ ಹತ್ತಲಿಲ್ಲ. ಮಂಚ ಅಲುಗದಿದ್ದರೆ ಏನೋ ನಿಂತುಹೋದಂತೆ ಎಚ್ಚರವಾಗುತ್ತಿತ್ತು. ಕೊನೆಗೆ ಒಂದು ಹಳೆಯ ದೋಣಿ ಕೊಂಡು, ಅಂಬಿಗನೊಬ್ಬನನ್ನು ಇಟ್ಟುಕೊಂಡು, ಔಷಧದ ಪೆಟ್ಟಿಗೆ ಹೇರಿಕೊಂಡು ಕೀರ್ತನಖೋಲಾ ನದಿಗೆ ಇಳಿದುಬಿಟ್ಟರು.

"ಠಾಕುರ್‌ಪೊ, ಕ್ಯಾಪ್ಟನ್ ಆಗಿ ಬಂದು ಅಂಬಿಗ ಆದ್ಯಲ್ಲಪ್ಪ" ಎಂದು ಅತ್ತಿಗೆ ಮೈದುನನನ್ನು ಚುಚ್ಚಿದರು. "ಇನ್ನು ಹೆಣ್ಣು ಕೊಡೋರು ಯಾರು, ಹಿಲ್ಸಾ ಮೀನಾ?"

ಹೀಗೆ ಐದು ವರ್ಷ ಕಳೆಯಿತು. ಅಂತರಗಂಗೆಯ ನೇರಳೆ ಹೂಗಳು ದೋಣಿಯ ಜೊತೆಜೊತೆಗೇ ತೇಲುತ್ತಿದ್ದವು. ಮಂಜಿನಲ್ಲಿ ದಡದ ಅಡಿಕೆ ಮರಗಳು ಒಮ್ಮೊಮ್ಮೆ ಬಸ್ರಾದ ಖರ್ಜೂರದ ಮರಗಳಾಗಿಬಿಡುತ್ತಿದ್ದವು. ಜ್ವರಕ್ಕೆ ಕ್ವಿನೈನ್ ಕೊಟ್ಟರು, ಹುಣ್ಣು ಕೊಯ್ದರು. ಯುದ್ಧದಲ್ಲಿ ಕೈಕಾಲು ಕತ್ತರಿಸಿದ ಗರಗಸವನ್ನು ಮಾತ್ರ ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಜೊಯ್ಗುನ್ ಎಂಬ ಹೆಂಗಸು ಎದೆಮಟ್ಟದ ನೀರಿಗಿಳಿದು ದೋಣಿ ತಡೆದಳು. ಅವಳ ಗಂಡ, ಅಂಬಿಗ ತೊರಾಬ್ ಮಾಝಿಯ ಕಾಲು ಎರಡು ಅಕ್ಕಿ ದೋಣಿಗಳ ನಡುವೆ ಸಿಕ್ಕಿ ಜಜ್ಜಿಹೋಗಿ ಮೂರು ದಿನವಾಗಿತ್ತು. ಗುಡಿಸಲೊಳಗೆ ಹೆಜ್ಜೆಯಿಟ್ಟಾಗ ಮೂಗಿಗೆ ಬಡಿದ ಕೊಳೆತ ಮಾಂಸದ ವಾಸನೆ ಡಾಕ್ಟರಿಗೆ ಹೊಸದಾಗಿರಲಿಲ್ಲ. ಅವರು ಗರಗಸ ಹೊರತೆಗೆದರು.

"ಕತ್ತರಿಸಿದ ಮೇಲೆ ಅದನ್ನ ಏನ್ ಮಾಡ್ತೀರಿ, ಡಾಕ್ಟರ್‌ಬಾಬು?" ತೊರಾಬ್ ಕೇಳಿದ. "ಹೂಳ್ತೀರಾ, ಹೊಳೆಗೆ ಹಾಕ್ತೀರಾ?"

ಟೈಗ್ರಿಸ್ ನದಿಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಕೇಳುವಷ್ಟು ಹೊತ್ತೂ ಇರುತ್ತಿರಲಿಲ್ಲ. ಒಂದು ದೋಣಿ ಖಾಲಿಯಾಗುವಷ್ಟರಲ್ಲಿ ಇನ್ನೊಂದು ಗಾಯಾಳುಗಳನ್ನು ತುಂಬಿಕೊಂಡು ಬರುತ್ತಿತ್ತು. ಡಾಕ್ಟರ್ ಗರಗಸವನ್ನು ಪೆಟ್ಟಿಗೆಯ ಮೇಲಿಟ್ಟರು. ಇಲ್ಲಿ ಬೆನ್ನ ಹಿಂದೆ ಇನ್ನೊಂದು ದೋಣಿ ಕಾಯುತ್ತಿರಲಿಲ್ಲ.

"ಇನ್ನೊಂದು ದಾರಿ ಇದೆ. ಸತ್ತ ಮಾಂಸ ತೆಗೆದು, ಎರಡೆರಡು ಗಂಟೆಗೆ ಔಷಧದ ನೀರು ಹಾಯಿಸ್ಬೇಕು. ಜೀವಕ್ಕೆ ಅಪಾಯ ಜಾಸ್ತಿ."

"ಸತ್ರೆ?" ಎಂದಳು ಜೊಯ್ಗುನ್.

"ಸತ್ರೆ ತಪ್ಪು ನಂದು ತಾಯಿ."

ಅವಳು ಗಂಡನ ಮುಖ ನೋಡಿದಳು. "ಇವ್ನು ಒಂಟಿ ಕಾಲಲ್ಲಿ ಚುಕ್ಕಾಣಿ ಹಿಡಿಯೋನಲ್ಲ. ಮಾಡಿ."

ಹತ್ತೊಂಬತ್ತು ದಿನ ದೋಣಿ ಅದೇ ದಡದಲ್ಲಿ ನಿಂತಿತ್ತು. ಡಾಕ್ಟರೂ ಜೊಯ್ಗುನ್ನೂ ಸರದಿಯ ಮೇಲೆ ರಬ್ಬರ್ ಕೊಳವೆಯಿಂದ ಬ್ಲೀಚಿಂಗ್ ಪುಡಿಯ ತಿಳಿನೀರು ಹಾಯಿಸಿದರು. ಅವಳು ಕೊಟ್ಟ ತಂಗಳನ್ನ ಉಂಡು ಡಾಕ್ಟರ್ ಗೋಡೆಗೊರಗಿ ತೂಕಡಿಸುವಾಗ ಕನಸಿನಲ್ಲಿ ಎರಡು ನದಿಗಳೂ ಒಂದಾಗಿ ಹರಿಯುತ್ತಿದ್ದವು; ಸತ್ತ ಸಿಪಾಯಿಗಳು ದಡದಲ್ಲಿ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು, ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ಗಾಯದ ತಳದಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಹೊಸ ಮಾಂಸ ಕಾಣಿಸಿತು. ಡಾಕ್ಟರ್ ಹೊರಗೆ ಹೋಗಿ ಮುಖ ತೊಳೆದರು, ಮತ್ತೆ ತೊಳೆದರು.

ಕಾಲು ಉಳಿಯಿತು, ಎರಡು ಬೆರಳಷ್ಟು ಗಿಡ್ಡವಾಗಿ. ಮುಂದಿನ ಫಾಲ್ಗುಣದಲ್ಲಿ ತೊರಾಬ್ ದಡದುದ್ದಕ್ಕೂ ಕುಂಟುತ್ತ ಡಾಕ್ಟರ ದೋಣಿಯ ಬಳಿ ಬಂದ.

"ನಿಮ್ಮ ಅಂಬಿಗ ದೋಣೀನ ಎಮ್ಮೆ ಹೊಡ್ದಂಗೆ ಹೊಡೀತಾನೆ, ಬಾಬು. ನೋಡೋಕಾಗಲ್ಲ. ಈಚೆ ಸರೀಲಿ."

ಡಾಕ್ಟರ್ ನಕ್ಕು, ಕೂರಲು ಜಾಗ ಬಿಟ್ಟರು. ತೊರಾಬ್ ಚುಕ್ಕಾಣಿ ಹಿಡಿದು ದೋಣಿಯನ್ನು ತೆಂಕಣಕ್ಕೆ, ನೀರೂ ಆಕಾಶವೂ ಒಂದೇ ಬೂದುಬಣ್ಣವಾಗಿದ್ದ ಕಡೆಗೆ ತಿರುಗಿಸಿದ.